ಮಕ್ಕಳ ಶ್ರೀಲಂಕಾ ಕ್ರಿಕೆಟ್ ಟೂರ್: ಬಿಡುವಿನ ದಿನದ ‘ಸಫಾರಿ’ಗೆ ಹಣ ಕಟ್ಟುವ ಮೊದಲು ಓದಿ

ಮಕ್ಕಳನ್ನು ಕ್ರಿಕೆಟ್ ಟೂರ್‌ಗೆ ಶ್ರೀಲಂಕಾಕ್ಕೆ ಕಳಿಸಲು ಹೊರಟಿರುವ ಅಪ್ಪ ಅಮ್ಮಂದಿರು ದಯವಿಟ್ಟು ಇದನ್ನು ಪೂರ್ತಿ ಓದಿ. ರಜೆ ಬಂತೆಂದರೆ ಬೆಂಗಳೂರಿನ ಅಕಾಡೆಮಿಗಳು ಹದಿಮೂರು, ಹದಿನಾಲ್ಕು ವಯಸ್ಸಿನ ಹುಡುಗರನ್ನು ಕರೆದುಕೊಂಡು ಕೊಲಂಬೊ, ಗಾಲೆ ಕಡೆ ಹೊರಡುತ್ತವೆ. ಆಟದ ಮಟ್ಟಿಗೆ ಒಳ್ಳೆಯ ಅನುಭವವೇ, ಅದರಲ್ಲಿ ಎರಡು ಮಾತಿಲ್ಲ. ನನ್ನ ತಕರಾರು ಮ್ಯಾಚ್‌ಗಳ ನಡುವಿನ ಬಿಡುವಿನ ದಿನದ ಬಗ್ಗೆ. ಟೂರ್ ಪಟ್ಟಿಯಲ್ಲಿ ಅದಕ್ಕೆ ‘ರೆಸ್ಟ್ ಡೇ, ವೈಲ್ಡ್‌ಲೈಫ್ ಸಫಾರಿ’ ಅಂತ ಒಂದೇ ಸಾಲು ಇರುತ್ತದೆ. ಎಲ್ಲಿಗೆ, ಯಾವ ಪ್ರಾಣಿ, ನೋಡುವುದಾ ಮುಟ್ಟುವುದಾ, ಏನೂ ಬಿಡಿಸಿ ಬರೆದಿರುವುದಿಲ್ಲ.

ಕಳೆದ ವರ್ಷ ಮಗನ ತಂಡದ ಜೊತೆ ನಾನೂ ಹೋಗಿದ್ದೆ. ಆ ದಿನ ಬಸ್ಸು ನಮ್ಮನ್ನು ಬಲಪಿಟಿಯದ ಮಾದು ಗಂಗಾ ಅನ್ನುವ ನದಿಗೆ ಕರೆದುಕೊಂಡು ಹೋಯಿತು. ಕೊಲಂಬೊದಿಂದ ಗಾಲೆಗೆ ಹೋಗುವ ದಾರಿಯಲ್ಲಿ ಸಿಗುವ ಜಾಗ. ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ರಾಮ್‌ಸಾರ್ ಪಟ್ಟಿಯಲ್ಲಿ 2003ರಿಂದ ಇದೆ. ಹೊನ್ನಾವರದಲ್ಲಿ ಶರಾವತಿ ಸಮುದ್ರ ಸೇರುವ ಕಡೆ ಕಾಂಡ್ಲಾ (ಮ್ಯಾಂಗ್ರೋವ್) ಕಾಡು ನೋಡಿದವರಿಗೆ ಇದೂ ಅದೇ ಊರಿನ ನೀರು ಅನಿಸುತ್ತದೆ. ಬೇರುಗಳ ನಡುವೆ ದೋಣಿ ಹೋಗುತ್ತದೆ, ಉಡ ಈಜುತ್ತದೆ, ಮಿಂಚುಳ್ಳಿ ಹಾರುತ್ತದೆ. ಇಷ್ಟೇ ಆಗಿದ್ದರೆ ನಾನು ಈ ಬರಹ ಬರೆಯುತ್ತಲೇ ಇರಲಿಲ್ಲ.

ನಮ್ಮ ದೋಣಿ ಹತ್ತಿದ್ದೇ ಸುಡುಬಿಸಿಲಲ್ಲಿ. ಲೈಫ್ ಜಾಕೆಟ್‌ಗಳು ಸೀಟಿನ ಕೆಳಗೆ ಗಂಟು ಕಟ್ಟಿದ ಹಾಗೇ ಇದ್ದವು. ಕೇಳಿ ಬಿಚ್ಚಿಸಿ, ಹುಡುಗರಿಗೆ ಹಾಕಿಸಬೇಕಾಯಿತು. ಸ್ವಲ್ಪ ದೂರ ಹೋದ ಮೇಲೆ ಇನ್ನೊಂದು ದೋಣಿ ಪಕ್ಕಕ್ಕೆ ಬಂತು. ಅದರಲ್ಲಿದ್ದವನು ಒಂದು ಮೊಳ ಉದ್ದದ ಮೊಸಳೆ ಮರಿಯನ್ನು ಎತ್ತಿ ಮುಂದೆ ಕೂತಿದ್ದ ಹುಡುಗನ ಕೈಗೆ ಕೊಟ್ಟ. ಮರಿಯ ಬಾಯಿಗೆ ನೈಲಾನ್ ದಾರ ಸುತ್ತಿದ್ದರು. ದಾರ ಕೊರೆದ ಕಡೆ ಚರ್ಮ ಸುಲಿದು ಬೆಳ್ಳಗಾಗಿತ್ತು. ಅದು ಕೈಯಿಂದ ಕೈಗೆ ಹೋಯಿತು. ಒಬ್ಬ ತಲೆ ಮೇಲೆ ಇಟ್ಟುಕೊಂಡ, ಇನ್ನೊಬ್ಬ ಕತ್ತಿಗೆ ಹಾಕಿಕೊಂಡ. ಬೇಡ ಅಂದ ಹುಡುಗನನ್ನು ಮಿಕ್ಕವರು ‘ಪುಕ್ಕಲ’ ಅಂತ ರೇಗಿಸಿದರು. ಮೊಸಳೆಗೆ ಶ್ರೀಲಂಕಾದಲ್ಲೂ ವನ್ಯಜೀವಿ ಕಾನೂನಿನ ರಕ್ಷಣೆ ಇದೆ. ತಂಡದ ಮ್ಯಾನೇಜರ್ ಫೋಟೊ ತೆಗೆಯುತ್ತಿದ್ದರು.

ಆಮೇಲೆ ಬಂದಿದ್ದು ಕೋತಿ. ಸೊಂಟಕ್ಕೆ ಹಗ್ಗ. ಒಬ್ಬೊಬ್ಬರ ಭುಜದ ಮೇಲೆ ಕೂರಿಸಿ ಫೋಟೊ, ಫೋಟೊಗೊಂದು ರೇಟು. ಮಗನ ಗೆಳೆಯನ ಸರದಿ ಬಂದಾಗ ಪಕ್ಕದವನು ಜೋರಾಗಿ ಕೂಗಿದ. ಕೋತಿ ಬೆಚ್ಚಿಬಿದ್ದು ಹುಡುಗನ ಕೂದಲು ಹಿಡಿದು ಜಿಗಿಯಿತು. ಕಿವಿಯ ಹಿಂದೆ ಎರಡು ಗೀರು, ರಕ್ತ. ಅವನು ಟೀ ಶರ್ಟಿನ ಕಾಲರ್ ಎತ್ತಿ ಮುಚ್ಚಿಕೊಂಡ. ನಾನು ನೋಡಿದ್ದು ಗೊತ್ತಾದ ಮೇಲೆ ಹತ್ತಿರ ಬಂದು ಮೆಲ್ಲಗೆ ಹೇಳಿದ: ‘ಆಂಟಿ, ಸರ್‌ಗೆ ಹೇಳ್ಬೇಡಿ. ನಾಳೆ ಆಡ್ಸಲ್ಲ.’

ನನಗೆ ಹೊಟ್ಟೆಯಲ್ಲಿ ತಣ್ಣಗಾಗಿದ್ದು ಆ ಮಾತಿಗೆ. ಮನೆಯವರ ಜೊತೆ ಪ್ರವಾಸ ಹೋದ ಮಗು ಗೀರು ಬಿದ್ದರೆ ಅಳುತ್ತಾ ಅಮ್ಮನ ಹತ್ತಿರ ಬರುತ್ತದೆ. ತಂಡದ ಜೊತೆ ಹೋದ ಮಗು ಮುಚ್ಚಿಡುತ್ತದೆ. ಹನ್ನೊಂದರ ಪಟ್ಟಿಯಿಂದ ಹೆಸರು ಹೋಗುತ್ತದೆ ಅನ್ನುವ ಭಯ ಅವರಿಗೆ ಕೋತಿಗಿಂತ ದೊಡ್ಡದು. ದೋಣಿಯವನು ‘ಪೆಟ್ ಮಂಕಿ, ನೋ ಪ್ರಾಬ್ಲಂ’ ಅಂದ. ಮ್ಯಾನೇಜರ್ ‘ಗೀರು ಅಷ್ಟೇ ಅಲ್ವಾ ಮೇಡಂ, ಪ್ಲಾಸ್ಟರ್ ಹಾಕೋಣ ಬಿಡಿ’ ಅಂದರು.

ಪ್ಲಾಸ್ಟರ್ ಹಾಕಿ ಬಿಡುವ ವಿಷಯ ಅಲ್ಲ ಇದು. ರೇಬಿಸ್ ನಾಯಿಯಿಂದ ಮಾತ್ರ ಬರುವುದಲ್ಲ, ಕೋತಿಯಿಂದಲೂ ಬರಬಹುದು. ಕಚ್ಚಲೇಬೇಕು ಅಂತಿಲ್ಲ, ರಕ್ತ ಬರುವ ಹಾಗೆ ಪರಚಿದರೂ ಸಾಕು. ಲಕ್ಷಣ ಕಾಣಿಸಿಕೊಂಡ ಮೇಲೆ ಉಳಿಯುವುದು ಇಲ್ಲವೇ ಇಲ್ಲ ಅನ್ನುವಷ್ಟು ಅಪರೂಪ. ಅದಕ್ಕೇ ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು: ತಕ್ಷಣ ಸೋಪು ಹಾಕಿ, ಹರಿಯುವ ನೀರಲ್ಲಿ 15 ನಿಮಿಷ ತೊಳೆಯಬೇಕು. ತಡಮಾಡದೆ ಲಸಿಕೆ ಶುರು ಮಾಡಬೇಕು. ರಕ್ತ ಬಂದಿದ್ದರೆ ಲಸಿಕೆಯ ಜೊತೆ ಗಾಯದ ಸುತ್ತ ಇಮ್ಯುನೊಗ್ಲೋಬ್ಯುಲಿನ್ (ಸಿದ್ಧ ಪ್ರತಿಕಾಯಗಳಿರುವ ಚುಚ್ಚುಮದ್ದು) ಕೂಡ ಕೊಡಬೇಕು.

ದೋಣಿ ದಡ ಸೇರಿದ ಕೂಡಲೇ ನಲ್ಲಿ ಕೆಳಗೆ ಹುಡುಗನ ಕತ್ತು ಬಗ್ಗಿಸಿ ತೊಳೆದೆ. ಆಟೊ ಹಿಡಿದು ಸರ್ಕಾರಿ ಆಸ್ಪತ್ರೆಗೆ ಹೋದೆವು. ಅಲ್ಲಿನ ಡಾಕ್ಟರು, ನರ್ಸುಗಳು ಬಹಳ ಚೆನ್ನಾಗಿ ನೋಡಿಕೊಂಡರು. ಅವರು ಮೊದಲು ಕೇಳಿದ್ದು, ‘ಈ ಹುಡುಗನಿಗೆ ಇಲ್ಲಿ ಪೋಷಕರು ಯಾರು?’ ನಾನು ಅವನ ತಾಯಿಯಲ್ಲ. ಚಿಕಿತ್ಸೆಗೆ ಒಪ್ಪಿಗೆ ಇದೆ ಅಂತ ತೋರಿಸಲು ಅಕಾಡೆಮಿಯವರ ಹತ್ತಿರ ಒಂದು ಚೀಟಿಯೂ ಇರಲಿಲ್ಲ. ಬೆಂಗಳೂರಿಗೆ ಫೋನ್ ಮಾಡಿ ಅವನ ಅಮ್ಮನ ಹತ್ತಿರ ಮಾತಾಡಿಸಬೇಕಾಯಿತು. ಕಚೇರಿಯಲ್ಲಿ ಕೂತಿದ್ದ ಆ ತಾಯಿಯ ಸ್ಥಿತಿ ಹೇಗಿದ್ದಿರಬಹುದು ಯೋಚಿಸಿ. ಮುಂದಿನ ಲಸಿಕೆಗಳು ಗೊತ್ತಾದ ದಿನಕ್ಕೇ ಆಗಬೇಕು. ಒಂದನ್ನು ಅಲ್ಲೇ ಬೇರೆ ಊರಲ್ಲಿ ಹುಡುಕಿ ಹಾಕಿಸಿದೆವು, ಉಳಿದವು ಬೆಂಗಳೂರಿಗೆ ಬಂದ ಮೇಲೆ. ಹುಡುಗ ಚೆನ್ನಾಗಿದ್ದಾನೆ. ಮಾರನೇ ದಿನದ ಮ್ಯಾಚ್ ಮಾತ್ರ ಬೆಂಚಿನಲ್ಲಿ ಕೂತು ನೋಡಿದ.

ನಾವು ಆಸ್ಪತ್ರೆಯಲ್ಲಿದ್ದಾಗ ಉಳಿದ ಹುಡುಗರನ್ನು ಕೊಸ್ಗೊಡ ಕಡೆಯ ಕಡಲಾಮೆ ಮರಿ ಕೇಂದ್ರವೊಂದಕ್ಕೆ ಕರೆದುಕೊಂಡು ಹೋಗಿದ್ದರು. ಅಲ್ಲೂ ತೊಟ್ಟಿಯಿಂದ ಎತ್ತಿ ಹಿಡಿದು ಫೋಟೊ. ಮೊಟ್ಟೆಯೊಡೆದು ಬಂದ ಮರಿ ಆ ರಾತ್ರಿಯೇ ಸಮುದ್ರ ಸೇರಬೇಕು. ದಡದಿಂದ ದೂರ ಈಜಲು ಇರುವ ಶಕ್ತಿಯೆಲ್ಲ ತೊಟ್ಟಿಯಲ್ಲೇ ಖರ್ಚಾದರೆ ಆಮೇಲೆ ಬಿಟ್ಟು ಏನು ಫಲ? ಆಮೆ ಮೈಮೇಲೆ ಸಾಲ್ಮೊನೆಲ್ಲಾ ಅನ್ನುವ ಬ್ಯಾಕ್ಟೀರಿಯಾ ಇರಬಹುದು. ಹುಡುಗರು ಅದೇ ಕೈಯಲ್ಲಿ ಬಸ್ಸಿನಲ್ಲಿ ಬನ್ ತಿಂದಿದ್ದರು.

ಶ್ರೀಲಂಕಾದಲ್ಲಿ ಪ್ರಾಣಿಗಳನ್ನು ಮರ್ಯಾದೆಯಿಂದ ನೋಡುವ ಜಾಗಗಳಿಗೆ ಬರ ಇಲ್ಲ. ಉಡವಲವೆಯಲ್ಲಿ 1995ರಲ್ಲಿ ಶುರುವಾದ ಆನೆಮರಿಗಳ ಆರೈಕೆ ಕೇಂದ್ರ ಇದೆ. ತಾಯಿ ಕಳೆದುಕೊಂಡ ಮರಿಗಳಿಗೆ ಹಾಲು ಕುಡಿಸುವುದನ್ನು ದೂರದ ಕಟ್ಟೆಯಿಂದ ನೋಡಬಹುದು, ಮುಟ್ಟುವ ಹಾಗಿಲ್ಲ. ಬೆಳೆದ ಮೇಲೆ ಅವನ್ನು ಕಾಡಿಗೆ ಬಿಡುತ್ತಾರೆ. ಅಷ್ಟು ದೂರ ಬೇಡ ಅಂದರೆ ಕೊಲಂಬೊ ಪಕ್ಕದ ಕೋಟ್ಟೆಯಲ್ಲೇ ಬೆದ್ದಗಾನ ಜೌಗು ಉದ್ಯಾನ ಇದೆ. ಬೆಳಿಗ್ಗೆ ಬೇಗ ಹೋಗಿ ಹಕ್ಕಿ ನೋಡಿ, ಮಧ್ಯಾಹ್ನಕ್ಕೆ ಹೋಟೆಲಿಗೆ ಬಂದು ಮಲಗಬಹುದು. ಬಿಡುವಿನ ದಿನ ಇರುವುದೂ ಅದಕ್ಕೇ ಅಲ್ವಾ?

ಮುಂಗಡ ಕಟ್ಟುವ ಮೊದಲೇ ಬಿಡುವಿನ ದಿನ ಎಲ್ಲಿಗೆ ಹೋಗುತ್ತಾರೆ ಅಂತ ಬರವಣಿಗೆಯಲ್ಲಿ ಕೇಳಿ. ‘ಹೋಲ್ಡ್’, ‘ಫೀಡ್’, ‘ಸೆಲ್ಫಿ’ ಅಂತ ಎಲ್ಲಿ ಕಂಡರೂ ನನ್ನ ಮಗು ಬರಲ್ಲ ಅಂತ ಹೇಳಿಬಿಡಿ. ಚಿಕಿತ್ಸೆಗೆ ಒಪ್ಪಿಗೆ ಪತ್ರ ಬರೆದು, ಸಹಿ ಹಾಕಿ, ಒಂದು ಪ್ರತಿ ಮ್ಯಾನೇಜರ್‌ಗೆ, ಒಂದು ಮಗುವಿನ ಕಿಟ್ ಬ್ಯಾಗಿಗೆ. ಹೊರಡುವ ಹಿಂದಿನ ದಿನ ಮಗುವನ್ನು ಕೂರಿಸಿಕೊಂಡು ಹೇಳಿ: ಪ್ರಾಣಿ ಪರಚಿದರೆ ಮೊದಲು ನಮಗೆ ಫೋನ್ ಮಾಡು, ಮ್ಯಾಚ್ ಹೋದರೆ ಹೋಗಲಿ, ಯಾರೂ ಬೈಯಲ್ಲ. ಕೋಚ್ ಬಾಯಿಂದಲೂ ಅದೇ ಮಾತನ್ನು ಇಡೀ ತಂಡದ ಮುಂದೆ ಹೇಳಿಸಿ.