ಗ್ರೈಂಡರ್ ಚೆನ್ನಾಗಿದೆ, ದುಡ್ಡು ಕಟ್ಟೋ ಪುಟ ಸರಿಯಿಲ್ಲ

ಅಮ್ಮನಿಗೆ ಅಂತ ಎರಡು ಲೀಟರಿನ ಗ್ರೈಂಡರ್ ಈ ಆನ್‌ಲೈನ್ ಅಂಗಡಿಯಿಂದ ತರಿಸಿದೆ. ಸಾಮಾನಿಗೆ ಐದರಲ್ಲಿ ನಾಲ್ಕೂವರೆ ಸ್ಟಾರ್. ಕೊಯಮತ್ತೂರಿನ ಮಾಲು, ಕಲ್ಲು ಗಟ್ಟಿ, ಸದ್ದು ಕಡಿಮೆ. ನೆನೆಸಿದ ಉದ್ದಿನಬೇಳೆ ಹಾಕಿ ಆಗಾಗ ನೀರು ಚಿಮುಕಿಸುತ್ತಿದ್ದರೆ ಹಿಟ್ಟು ಉಬ್ಬಿ ಡ್ರಮ್ಮಿನ ಅಂಚಿಗೆ ಬರುತ್ತೆ. ಬಗ್ಗಿಸಿ ಬಳಿದುಕೊಳ್ಳೋದೂ ಸುಲಭ, ಅಮ್ಮನ ಕೈಗೆ ಭಾರ ಬೀಳಲ್ಲ. ರಾಜಾಜಿನಗರದ ನಮ್ಮ ಮನೆ ಎರಡನೇ ಮಹಡಿ, ಲಿಫ್ಟಿಲ್ಲ. ಡೆಲಿವರಿ ಹುಡುಗ ಒಂದು ಮಾತಾಡದೆ ಮೇಲಕ್ಕೆ ಹೊತ್ತು ತಂದ.

ನನ್ನ ತಕರಾರೆಲ್ಲ ದುಡ್ಡು ಕಟ್ಟೋ ಪುಟದ ಮೇಲೆ. ವಿಳಾಸ, ಪಿನ್‌ಕೋಡ್, ಫೋನ್ ನಂಬರ್, ಅದಕ್ಕೊಂದು ಒಟಿಪಿ ಎಲ್ಲ ಕೊಟ್ಟು, ಕೊನೆಗೆ ನನ್ನ ಅಮೆರಿಕನ್ ಎಕ್ಸ್‌ಪ್ರೆಸ್ ಕಾರ್ಡಿನ ನಂಬರ್ ಹಾಕಿದೆ. ಆಗ ಕೆಂಪಕ್ಷರದಲ್ಲಿ ಬಂತು, ಈ ಕಾರ್ಡ್ ಸ್ವೀಕರಿಸುವುದಿಲ್ಲ ಅಂತ. ಅದೇ ಪುಟದ ತಳದಲ್ಲಿ ವೀಸಾ, ಮಾಸ್ಟರ್‌ಕಾರ್ಡ್, ರುಪೇ ಗುರುತುಗಳ ಪಕ್ಕದಲ್ಲೇ ಇದರ ನೀಲಿ ಚೌಕವನ್ನೂ ಹಾಕಿದ್ದಾರೆ! ಅಷ್ಟರಲ್ಲಿ ಹಬ್ಬದ ರಿಯಾಯಿತಿಯ ಹೊತ್ತು ಮುಗಿದು ಬೆಲೆ ಮುನ್ನೂರು ರೂಪಾಯಿ ಏರಿತ್ತು.

ಫೋನ್ ಮಾಡಿದೆ. ಎತ್ತಿದವರು ಮರ್ಯಾದೆಯಿಂದಲೇ ಹೇಳಿದರು: “ಆ ಕಾರ್ಡಿಗೆ ನಮ್ಮ ಹತ್ರ ಮೂರು ಪರ್ಸೆಂಟ್ ಹಿಡ್ಕೋತಾರೆ ಮೇಡಂ. ಗ್ರೈಂಡರಲ್ಲಿ ಉಳಿಯೋದೇ ಅಷ್ಟರಲ್ಲಿ. ಯುಪಿಐ ಮಾಡ್ಬಿಡಿ, ಹಳೇ ರೇಟಿಗೇ ಕೊಡ್ತೀವಿ.” ಹಾಗೇ ಕೊಟ್ಟರು.

ಅವರ ಮಾತು ಸುಳ್ಳಲ್ಲ. ಸಣ್ಣ ಅಂಗಡಿಗಳ ಲೆಕ್ಕ ಬರೆಯೋದೇ ನನ್ನ ಕೆಲಸ, ಗಿರಾಕಿ ಕಟ್ಟಿದ ದುಡ್ಡಿನಲ್ಲಿ ಬ್ಯಾಂಕಿನವರು ಅಂಗಡಿಯವರಿಂದ ಹಿಡಿದುಕೊಳ್ಳೋ ಶುಲ್ಕಕ್ಕೆ ಎಂಡಿಆರ್ ಅಂತಾರೆ, ಹಾಗೆ ಕಡಿತವಾಗೋ ದುಡ್ಡನ್ನ ತಿಂಗಳು ತಿಂಗಳೂ ನೋಡ್ತೀನಿ. 2020ರ ಜನವರಿಯಿಂದ ಯುಪಿಐಗೂ ರುಪೇ ಡೆಬಿಟ್ ಕಾರ್ಡಿಗೂ ಈ ಶುಲ್ಕ ಇಲ್ಲ. ಬೇರೆ ಡೆಬಿಟ್ ಕಾರ್ಡಿಗೆ ರಿಸರ್ವ್ ಬ್ಯಾಂಕ್ ಮಿತಿ ಹಾಕಿದೆ. ದೊಡ್ಡ ವ್ಯಾಪಾರಿಗೂ ಶೇ. 0.90 ದಾಟುವಂತಿಲ್ಲ. ಕ್ರೆಡಿಟ್ ಕಾರ್ಡಿಗೆ ಅಂಥ ಮಿತಿಯಿಲ್ಲ. ಸಾಮಾನ್ಯವಾಗಿ ಶೇ. 2ರ ಆಸುಪಾಸು, ಕೆಲವಕ್ಕೆ ಇನ್ನೂ ಜಾಸ್ತಿ, ಆ ಶುಲ್ಕದ ಮೇಲೆ ಶೇ. 18 ಜಿಎಸ್‌ಟಿ. ಆರು ಸಾವಿರದ ಗ್ರೈಂಡರಿಗೆ ಶೇ. 3 ಅಂದರೆ 180 ರೂಪಾಯಿ ಹೋಯ್ತು. ಕಾರ್ಡಿನವರು ನಮಗೆ ಕೊಡೋ ರಿವಾರ್ಡ್ ಪಾಯಿಂಟಿಗೂ ಇಲ್ಲಿಂದಲೇ ದುಡ್ಡು ಹೊಂದಿಸೋದು.

ಹಾಗಾಗಿ ಕಾರ್ಡ್ ಬೇಡ ಅನ್ನೋದು ತಪ್ಪಲ್ಲ, ಆದರೆ ಮೊದಲೇ ಹೇಳಬೇಕು. ಬ್ರಿಟನ್‌ನಲ್ಲಿ ಅಮೆಜಾನ್ ಕೂಡ ಶುಲ್ಕ ಜಾಸ್ತಿ ಅಂತ ಅಲ್ಲಿನ ವೀಸಾ ಕ್ರೆಡಿಟ್ ಕಾರ್ಡ್ ನಿಲ್ಲಿಸೋಕೆ ಹೊರಟಿತ್ತು. 2022ರ ಜನವರಿ 19ರಿಂದ ತಗೊಳ್ಳಲ್ಲ ಅನ್ನೋದನ್ನ 2021ರ ನವೆಂಬರಿನಲ್ಲೇ ಗಿರಾಕಿಗಳಿಗೆ ತಿಳಿಸಿತ್ತು. ಕೊನೇ ಗಳಿಗೆಯಲ್ಲಿ ಆ ತೀರ್ಮಾನ ಕೈಬಿಟ್ಟರು, ಅದು ಬೇರೆ ಮಾತು. ಎರಡು ತಿಂಗಳು ಮುಂಚೆ ಬೇಡ, ಇಲ್ಲಿ ಗ್ರೈಂಡರಿನ ಬೆಲೆಯ ಕೆಳಗೆ ಒಂದು ಸಾಲು ಬರೆದರೆ ಸಾಕು. ತಗೊಳ್ಳದ ಕಾರ್ಡಿನ ಗುರುತನ್ನ ತೆಗೆಯೋಕೂ ಖರ್ಚಿಲ್ಲ.

ನಾನು ಪಾಯಿಂಟಿನ ಆಸೆಗೆ ಆ ಕಾರ್ಡ್ ಹಾಕಿದ್ದಲ್ಲ. ಹೊಸ ಅಂಗಡಿಯಿಂದ ಕಲ್ಲಿನ ಸಾಮಾನು ತರಿಸುವಾಗ ಒಡೆದು ಬಂದರೆ, ಅವರು ಫೋನೇ ಎತ್ತದಿದ್ದರೆ, ಬಿಲ್ ಕಟ್ಟೋಕೆ ಮುಂಚೆಯೇ ಕಾರ್ಡಿನವರಿಗೆ ದೂರು ಕೊಡಬಹುದು. ಯುಪಿಐನಲ್ಲಿ ಖಾತೆಯಿಂದ ದುಡ್ಡು ಆಗಲೇ ಹೋಗಿರುತ್ತೆ, ಅಂಗಡಿಯವರ ಹಿಂದೆ ನಾವೇ ಅಲೆಯಬೇಕು. ಅವರಿಗೆ 180 ರೂಪಾಯಿ ಉಳಿಯುತ್ತೆ, ನಮಗೆ ಈ ಅನುಕೂಲ ತಪ್ಪಿಹೋಗುತ್ತೆ. ಅದಕ್ಕೇ ದುಡ್ಡು ಕಟ್ಟೋ ಪುಟಕ್ಕೆ ನಾನು ಕೊಡೋದು ಒಂದೇ ಸ್ಟಾರ್.

ಯುಪಿಐನಲ್ಲಿ ಕೊಡುವವರು ಧೈರ್ಯವಾಗಿ ತಗೊಳ್ಳಿ, ಪೆಟ್ಟಿಗೆ ಬಿಚ್ಚುವಾಗ ಮಾತ್ರ ಶುರುವಿಂದಲೇ ವಿಡಿಯೋ ಮಾಡಿಟ್ಟುಕೊಳ್ಳಿ. ಕ್ರೆಡಿಟ್ ಕಾರ್ಡೇ ಬೇಕು ಅನ್ನೋರು ಆರ್ಡರ್ ಹಾಕೋ ಮುಂಚೆ ಫೋನ್ ಮಾಡಿ ಕೇಳಿ. ಬೆಳಿಗ್ಗೆ ಹನ್ನೊಂದರ ಮೇಲೆ ಮಾಡಿದರೆ ಬೇಗ ಎತ್ತುತ್ತಾರೆ.