ನೋ ಮ್ಯಾನ್ಸ್ ಸ್ಕೈ: ಗ್ರಹ ಅಂದ್ರೆ ಗ್ರಹ ಪೂರ್ತಿ ಜಗಳೂರು

ಬಾಹ್ಯಾಕಾಶದಲ್ಲಿ ಗ್ರಹದಿಂದ ಗ್ರಹಕ್ಕೆ ಅಲೆಯೋ ಈ ಗೇಮ್ ತಗೊಂಡು ಎಂಟು ತಿಂಗ್ಳಾಯ್ತು. ಸೇಲ್‌ನಲ್ಲಿ ಸಿಕ್ತು ಅಂತ ತಗೊಂಡೆ, ಆಡ್ತಾ ಆಡ್ತಾ 140 ತಾಸು ದಾಟೈತೆ, ಹಂಗಂತ ಎಲ್ರೂ ತಗೊಳ್ರಿ ಅನ್ನೋಕೆ ಬಾಯಿ ಬರ್ತಿಲ್ಲ. ನಮ್ಮ ಚಿಕ್ಕಪ್ಪನ ಮಗ ಚಿತ್ರದುರ್ಗದಿಂದ ಬಂದಾಗ ಅರ್ಧ ತಾಸು ಆಡಿ ಮೌಸ್ ಬಿಟ್ಟು, "ಅಣ್ಣಾ, ಇದ್ರಾಗೆ ಬರೀ ಕಲ್ಲು ಒಡೆಯೋದೇ ಏನು?" ಅಂದ. ಅವನ ಮಾತು ಪೂರ್ತಿ ಸುಳ್ಳೂ ಅಲ್ಲ.

ಶುರುವಾಗೋದೇ ಯಾವುದೋ ಗ್ರಹದಲ್ಲಿ, ನೀವೊಬ್ರೇ, ನಿಮ್ಮ ಬಾಹ್ಯಾಕಾಶ ಹಡಗು ಕೆಟ್ಟು ಎಲ್ಲೋ ಬಿದ್ದಿರುತ್ತೆ. ನಂಗೆ ಸಿಕ್ಕಿದ್ದು ವಿಷಗಾಳಿ ಗ್ರಹ. ಸೂಟಿನ ಮೀಟರ್ ಇಳೀತಾ ಐತೆ, ಸೋಡಿಯಂ ತಗೊಂಬಾ ಅಂತೈತೆ, ಸೋಡಿಯಂ ಎಲ್ಲಿಂದ ತರ್ಲಿ ನಾನು, ಅಲ್ಲಿ ಇಲ್ಲಿ ಪರದಾಡಿದ ಮೇಲೆ ಗೊತ್ತಾಯ್ತು ಹಳದಿ ಹೂವು ಕಿತ್ರೆ ಸೋಡಿಯಂ, ಕೆಂಪು ಹೂವು ಕಿತ್ರೆ ಆಕ್ಸಿಜನ್. ಅಷ್ಟರಲ್ಲಿ ಬಿರುಗಾಳಿ ಎದ್ದು ಏನೂ ಕಾಣ್ತಿಲ್ಲ, ಓಡಿ ಒಂದು ಗುಹೆ ಹೊಕ್ಕೆ, ಒಳಗೆ ಕಾಲಿಟ್ಟಿದ್ದೇ ತಡ ಮೀಟರ್ ತಾನಾಗೇ ಏರೋಕೆ ಶುರು. ಗುಹೆ ಬಾಯಲ್ಲಿ ನಿಂತು ಹೊರಗೆ ಹಸಿರು ಧೂಳು ಸುತ್ತೋದು ನೋಡ್ತಾ ಹೊತ್ತು ಹೋಗಿದ್ದೇ ಗೊತ್ತಾಗ್ಲಿಲ್ಲ, ಕೊಟ್ಟ ದುಡ್ಡು ಅಲ್ಲೇ ವಸೂಲು.

ಆಮೇಲೆ ಹಡಗು ರಿಪೇರಿ ಮಾಡ್ಕೊಂಡು ಮೇಲೆ ಏಳೋದು. ಇದು ಈ ಗೇಮಿನ ಅಸಲಿ ತಾಕತ್ತು ನೋಡ್ರಿ. ನೆಲ ಬಿಟ್ರಿ, ಮೋಡ ದಾಟಿದ್ರಿ, ಆಕಾಶ ಕಪ್ಪಾಯ್ತು, ಹಿಂದೆ ತಿರುಗಿದ್ರೆ ನೀವು ಹೂವು ಕಿತ್ತ ಗ್ರಹ ಚೆಂಡಿನ ಥರ ಕಾಣುತ್ತೆ, ನಡುವೆ ಎಲ್ಲೂ ಲೋಡಿಂಗ್ ಸ್ಕ್ರೀನ್ ಇಲ್ಲ. ಸ್ಟಾರ್‌ಫೀಲ್ಡ್ ಅನ್ನೋ ಇನ್ನೊಂದು ಬಾಹ್ಯಾಕಾಶ ಗೇಮಲ್ಲಿ ಈ ಸುಖ ಇಲ್ಲ, ಅದು 125 ಜಿಬಿ ಜಾಗ ಬೇರೆ ಕೇಳುತ್ತೆ, ಇದಕ್ಕೆ ಅದರ ಕಾಲು ಭಾಗಾನೂ ಬೇಡ. ಯಾಕಂದ್ರೆ ಗ್ರಹಗಳನ್ನ ಯಾರೂ ಕೂತು ಮಾಡಿಟ್ಟಿಲ್ಲ, ಒಂದು ನಂಬರ್ ಹಾಕಿದ್ರೆ ಲೆಕ್ಕ ಓಡಿ ಬೆಟ್ಟ, ಗಿಡ, ಪ್ರಾಣಿ ಎಲ್ಲಾ ಅಲ್ಲೇ ಹುಟ್ಟುತ್ತೆ, ಅದೇ ನಂಬರಿಗೆ ಯಾವಾಗ್ಲೂ ಅದೇ ಗ್ರಹ. ಆ ನಂಬರ್ 64 ಬಿಟ್‌ದು, ಸಾಲಾಗಿ 64 ಸೊನ್ನೆ-ಒಂದುಗಳಲ್ಲಿ ಬರೆಯೋ ಅಂಥದ್ದು, ಅಂದ್ರೆ ಸುಮಾರು 1.84 ಲಕ್ಷ ಕೋಟಿ ಕೋಟಿ ಗ್ರಹ. ಸೆಕೆಂಡಿಗೊಂದು ನೋಡ್ತಾ ಹೋದ್ರೂ 58 ಸಾವಿರ ಕೋಟಿ ವರ್ಷಕ್ಕಿಂತ ಜಾಸ್ತಿ ಬೇಕು.

ಲ್ಯಾಂಡಿಂಗ್ ಮಾತ್ರ ಮಕ್ಕಳಾಟ. ಒಂದು ಬಟನ್ ಒತ್ತಿದ್ರೆ ಹಡಗು ತಾನೇ ಜಾಗ ನೋಡ್ಕೊಂಡು ಕೂರುತ್ತೆ. 2024ರಲ್ಲಿ ಇಲ್ಲೇ ಚಳ್ಳಕೆರೆ ಹತ್ರ ಇಸ್ರೋದವರು ಪುಷ್ಪಕ್ ಅನ್ನೋ ರೆಕ್ಕೆ ಇರೋ ಮರುಬಳಕೆ ವಾಹನಾನ ಹೆಲಿಕಾಪ್ಟರಿಂದ 4.5 ಕಿಲೋಮೀಟರ್ ಎತ್ತರದಲ್ಲಿ ಬಿಟ್ರು, ಅದು ತಾನಾಗೇ ದಾರಿ ಸರಿ ಮಾಡ್ಕೊಂಡು ರನ್‌ವೇಗೆ ಬಂದು ಇಳೀತು, ಅದನ್ನ ಇಳಿಸೋಕೆ ಎಷ್ಟು ಜನ ಎಷ್ಟು ವರ್ಷ ತಲೆ ಕೆಡಿಸ್ಕೊಂಡಿದ್ರೋ. ಇಲ್ಲಿ ನಾನು ಒಂದು ಕೈಲಿ ಮಂಡಕ್ಕಿ ತಿಂತಾ ಇಳಿಸ್ತೀನಿ.

ಈಗ ನನ್ನ ದೊಡ್ಡ ತಕರಾರಿಗೆ ಬರ್ತೀನಿ. ದಾವಣಗೆರೆಯಿಂದ ಒಂದೂವರೆ ತಾಸು ಬೈಕ್ ಹೊಡೆದ್ರೆ ಒಂದು ಕಡೆ ಜಗಳೂರಿನ ಒಣ ಬಯಲು, ಇನ್ನೊಂದು ಕಡೆ ಚನ್ನಗಿರಿ ಅಡಿಕೆ ತೋಟ, ಸೂಳೆಕೆರೆ ನೀರು. ಒಂದೇ ಜಿಲ್ಲೆ! ಈ ಗೇಮಲ್ಲಿ ಗ್ರಹ ಬಯಲಾದ್ರೆ ಪೂರ್ತಿ ಬಯಲು, ಹಿಮ ಅಂದ್ರೆ ಈ ತುದಿಯಿಂದ ಆ ತುದಿವರೆಗೂ ಹಿಮ. ಒಂದು ಮರಳು ಗ್ರಹಕ್ಕೆ ನಾನು ಜಗಳೂರು ಅಂತಾನೇ ಹೆಸರಿಟ್ಟೀನಿ, ಕಂಡುಹಿಡಿದವರಿಗೆ ಹೆಸರಿಡೋ ಹಕ್ಕು ಐತೆ, ಅದೊಂದು ಖುಷಿ. ಆದ್ರೆ ಜಗಳೂರಲ್ಲಿ ಹತ್ತು ನಿಮಿಷ ಓಡಾಡಿದ್ರೆ ಪೂರ್ತಿ ಜಗಳೂರು ನೋಡಿದಂಗೇ. ಲಕ್ಷ ಕೋಟಿ ಕೋಟಿ ಇಟ್ಕೊಂಡು ಏನ್ ಮಾಡೋದು, ಒಂದೇ ಒಂದು ಗ್ರಹದಲ್ಲಿ ಬೆಟ್ಟದ ಆ ಕಡೆ ಏನೈತೋ ಅನ್ನೋ ಕುತೂಹಲ ಇರ್ಬೇಕಿತ್ತು. 2025ರ ಜನವರಿ ಅಪ್‌ಡೇಟಲ್ಲಿ ಆಳ ಸಮುದ್ರ, ದೈತ್ಯ ಅನಿಲ ಗ್ರಹ ಎಲ್ಲಾ ಕೊಟ್ಟಾರೆ, ಚೆಂದ ಐತೆ, ಈ ಸಮಸ್ಯೆ ಮಾತ್ರ ಪೂರ್ತಿ ಹೋಗಿಲ್ಲ.

ಇನ್ನೊಂದು ಚೀಲದ ಗೋಳು. ಚೀಲ ಸದಾ ತುಂಬಿರುತ್ತೆ, ಯಾವುದು ಬಿಸಾಡ್ಲಿ ಯಾವುದು ಇಟ್ಕೊಳ್ಲಿ ಅಂತ ಮೆನುನಲ್ಲೇ ಕೂತಿರ್ಬೇಕು. ಫೈಟಿಂಗ್ ಐತೆ, ಇರ್ಬೇಕಲ್ಲ ಅಂತ ಐತೆ.

ಭಾಷೆ ಕಲಿಯೋದು ನಂಗೆ ಭಾಳ ಹಿಡಿಸ್ತು. ಗೆಕ್ ಅಂತ ಒಂದು ಜಾತಿ, ಕುಳ್ಳಗೆ ಕಪ್ಪೆ ಥರ, ವ್ಯಾಪಾರ ಅವರದ್ದು. ಮೊದಲು ಅವ್ರ ಮಾತು ಒಂದಕ್ಷರ ತಿಳಿಯಲ್ಲ, ಒಂದೊಂದೇ ಪದ ಕಲೀತಾ ಹೋದಂಗೆ ವಾಕ್ಯದಲ್ಲಿ ಅಲ್ಲೊಂದು ಇಲ್ಲೊಂದು ಪದ ಬೆಳಗುತ್ತೆ, ಉಳಿದಿದ್ದು ಊಹೆ. 2021ರಲ್ಲಿ ಸಣ್ಣ ಊರುಗಳನ್ನ ಸೇರಿಸಿದ್ರು, ಊರಿನ ಯಜಮಾನಿಕೆ ನಿಮ್ಮ ತಲೆಗೇ ಕಟ್ತಾರೆ, ಇಬ್ಬರು ಜಗಳ ಆಡ್ಕೊಂಡು ಬಂದ್ರೆ ತೀರ್ಪು ಕೊಡ್ಬೇಕು. ಬಾಹ್ಯಾಕಾಶಕ್ಕೆ ಹೋದ್ರೂ ಪಂಚಾಯ್ತಿ ತಪ್ಪಲ್ಲ.

ಹಳಬರಿಗೆ ಗೊತ್ತಿರುತ್ತೆ, 2016ರ ಆಗಸ್ಟಲ್ಲಿ ಇದು ಬಂದಾಗ ಉಗಿಸ್ಕೊಂಡಿದ್ದು ಅಷ್ಟಿಷ್ಟಲ್ಲ. ಇಬ್ಬರು ಆಟಗಾರರು ಮೊದಲ ದಿನವೇ ಒಂದೇ ಗ್ರಹದ ಒಂದೇ ಜಾಗಕ್ಕೆ ಬಂದು ನಿಂತ್ರೂ ಒಬ್ಬರಿಗೊಬ್ಬರು ಕಾಣ್ಲಿಲ್ಲ. ಸರಿಯಾದ ಮಲ್ಟಿಪ್ಲೇಯರ್, ಅಂದ್ರೆ ಒಬ್ಬರಿಗೊಬ್ಬರು ಕಾಣೋ ಹಂಗೆ ಒಟ್ಟಿಗೆ ಆಡೋದು, ಬಂದಿದ್ದು 2018ರ ಜುಲೈನಲ್ಲಿ. ಹೆಲೋ ಗೇಮ್ಸ್ ಅನ್ನೋ ಇಂಗ್ಲೆಂಡಿನ ಸಣ್ಣ ಕಂಪನಿ, ದುಡ್ಡು ಬಂತು ಅಂತ ಓಡಿಹೋಗ್ಬಹುದಿತ್ತು, ಹೋಗ್ಲಿಲ್ಲ, ಅವತ್ತಿಂದ ಅಪ್‌ಡೇಟ್ ಮೇಲೆ ಅಪ್‌ಡೇಟ್ ಕೊಡ್ತಾನೇ ಬಂದಾರೆ, ಒಂದಕ್ಕೂ ಒಂದು ಪೈಸೆ ಕೇಳಿಲ್ಲ.

ಕಥೆ ಬೇಕು, ಗುಂಡು ಹಾರಿಸ್ಬೇಕು ಅನ್ನೋರು ದುಡ್ಡು ಉಳಿಸ್ಕೊಳ್ರಿ. ಸಂಜೆ ಕೆಲಸ ಮುಗಿಸಿ ಬಂದು ಯಾರ ಜೊತೇನೂ ಮಾತು ಬೇಡ, ಸುಮ್ನೆ ಎಲ್ಲಾದ್ರೂ ಅಲೀಬೇಕು ಅನ್ನೋರಿಗೆ ಇದು. ಚಿಕ್ಕಪ್ಪನ ಮಗ ಮುಂದಿನ ವಾರ ಅವನ ಲ್ಯಾಪ್‌ಟಾಪಲ್ಲೂ ಹಾಕ್ಕೊಂಡು ಜಗಳೂರಿಗೆ ಬರ್ತಾನಂತೆ, ಒಡೆಯೋಕೆ ಕಲ್ಲು ಉಳಿಸಿರು ಅಂದಾನೆ.