ರುಕ್‌ವುಡ್ ಹೂದಾನಿ ಕೊಳ್ಳುವ ಮುಂಚೆ ತಳದ ಚೀಟಿ ಕೀಳಿಸಿ ನೋಡಿ

ಒಹಾಯೊ ಕಡೆ ಇರುವ ನಮ್ಮವರಲ್ಲಿ ಶನಿವಾರ ಬಂತೆಂದರೆ ಆಂಟೀಕ್ ಅಂಗಡಿ ಸುತ್ತುವವರು ಸುಮಾರು ಜನ ಇದ್ದಾರೆ. ಹಳೆಯ ಅಮೆರಿಕನ್ ಆರ್ಟ್ ಪಾಟರಿ (ಕಲಾತ್ಮಕ ಮಣ್ಣಿನ ಪಾತ್ರೆಗಳು) ಮೇಲೆ ಕಣ್ಣಿಟ್ಟಿದ್ದರೆ, ದುಡ್ಡು ಕೊಡುವ ಮುಂಚೆ ಇದನ್ನು ಓದಿ.

ಕೊಲಂಬಸ್ ಹತ್ತಿರದ ಒಂದು ಅಂಗಡಿಯಲ್ಲಿ ನಾನು ಗೇಣುದ್ದದ ರುಕ್‌ವುಡ್ ಹೂದಾನಿ ಕೊಂಡೆ. ರುಕ್‌ವುಡ್ ಅಂದರೆ ಸಿನ್ಸಿನಾಟಿಯ ಪಾಟರಿ ಕಾರ್ಖಾನೆ. ಅಂಗಡಿಯ ಹೆಸರು ಇಲ್ಲಿ ಬೇಡ. ಮೈಮೇಲೆ ಒಂದು ಕೆರೆ, ದಡದ ಮರಗಳು, ಹಿಂದೆ ಮಾಸಲು ಗುಲಾಬಿ ಆಕಾಶ. ಇದಕ್ಕೆ ವೆಲ್ಲಮ್ ಗ್ಲೇಜ್ (ಗ್ಲೇಜ್ ಅಂದರೆ ಮಣ್ಣಿನ ಮೇಲಿನ ಗಾಜಿನಂಥ ಲೇಪ) ಅಂತಾರೆ, 1904ರಲ್ಲಿ ಬಂದದ್ದು. ಇದರಲ್ಲಿ ಹೊಳಪು ಕಡಿಮೆ. ಚಿತ್ರವೆಲ್ಲ ಬೆಳಗಿನ ಮಂಜಿನೊಳಗೆ ಇದ್ದ ಹಾಗೆ ಕಾಣುತ್ತದೆ. "ಒಂದು ಚೂರೂ ಡ್ಯಾಮೇಜ್ ಇಲ್ಲ" ಅಂತ ಮಾಲೀಕ ಎರಡೆರಡು ಸಲ ಹೇಳಿದ, ರೇಟೂ ಹಾಗೇ ಇತ್ತು. ತಳದಲ್ಲಿ ಒಂದು ದೊಡ್ಡ ಬೆಲೆ ಚೀಟಿ ಅಂಟಿಸಿದ್ದರು. "ಕೀಳಬೇಡಿ, ಬಿಲ್ ಮಾಡೋಕೆ ಬೇಕು" ಅಂದ.

ಮನೆಗೆ ಬಂದು ಒದ್ದೆ ಬಟ್ಟೆಯಲ್ಲಿ ಚೀಟಿ ನೆನೆಸಿ ತೆಗೆದೆ. ಅಡಿಯಲ್ಲಿ ಎಕ್ಸ್ ಗುರುತು. ಸಾಣೆ ಚಕ್ರದಲ್ಲಿ ಗ್ಲೇಜ್ ಕೊರೆದು ಹಾಕಿದ್ದು. ಬೆರಳಾಡಿಸಿದರೆ ತರಿತರಿ.

ಈ ಗುರುತಿಗೆ ಯಾಕಿಷ್ಟು ಮಹತ್ವ ಅಂತ ತಿಳಿಯಬೇಕಾದರೆ ರುಕ್‌ವುಡ್ ಕಥೆ ಸ್ವಲ್ಪ ಗೊತ್ತಿರಬೇಕು. ಮರಿಯಾ ಲಾಂಗ್‌ವರ್ತ್ ನಿಕೋಲ್ಸ್ ಎಂಬ ಶ್ರೀಮಂತ ಮನೆತನದ ಹೆಣ್ಣುಮಗಳು 1876ರ ಫಿಲಡೆಲ್ಫಿಯಾ ವಸ್ತುಪ್ರದರ್ಶನದಲ್ಲಿ ಜಪಾನಿನ ಪಿಂಗಾಣಿ ನೋಡಿ ಮರುಳಾದಳು. 1880ರಲ್ಲಿ ಸಿನ್ಸಿನಾಟಿಯಲ್ಲಿ ಕಾರ್ಖಾನೆಯನ್ನೇ ತೆರೆದಳು. 1887ರಲ್ಲಿ ಕತಾರೊ ಶಿರಾಯಮದಾನಿ ಎಂಬ ಜಪಾನೀ ಕಲಾವಿದ ಬಂದು ಸೇರಿಕೊಂಡ. 1889ರಲ್ಲಿ ಪ್ಯಾರಿಸ್‌ನಲ್ಲಿ ಚಿನ್ನದ ಪದಕವೂ ಸಿಕ್ಕಿತು. ಆದರೆ ನನ್ನಂಥ ಹುಚ್ಚರನ್ನು ಹಿಡಿದುಕೊಂಡಿರುವುದು ಪದಕ ಅಲ್ಲ, ತಳದ ಲೆಕ್ಕ. 1886ರಲ್ಲಿ ಆರ್ ಮತ್ತು ಪಿ ಅಕ್ಷರ ಬೆನ್ನಿಗೆ ಬೆನ್ನು ಕೊಟ್ಟ ಮುದ್ರೆ ಶುರುವಾಯಿತು. ಮುಂದೆ ವರ್ಷಕ್ಕೊಂದರಂತೆ ಅದರ ಸುತ್ತ ಉರಿಯ ನಾಲಿಗೆ ಸೇರಿಸುತ್ತಾ ಹೋದರು. 1900ಕ್ಕೆ 14 ಆದವು. 1901ರಿಂದ ಅದರ ಕೆಳಗೆ ವರ್ಷದ ಕೊನೆಯ ಎರಡಂಕಿ ರೋಮನ್ ಅಂಕಿಯಲ್ಲಿ. ಜೊತೆಗೆ ಆಕಾರದ ನಂಬರು, ಚಿತ್ರ ಬರೆದವರ ಇನಿಷಿಯಲ್. ಹೂದಾನಿ ಬೋರಲು ಹಾಕಿದರೆ ಅದರ ಜಾತಕ ಕೈಗೆ ಬಂದ ಹಾಗೇ, ಅಲ್ವಾ?

ಭಟ್ಟಿಯಿಂದ ಬಂದದ್ದರಲ್ಲಿ ಗ್ಲೇಜ್ ಗುಳ್ಳೆ ಎದ್ದಿದ್ದರೆ, ಬಣ್ಣ ಹರಿದಿದ್ದರೆ ಕಾರ್ಖಾನೆಯವರೇ ಎಕ್ಸ್ ಕೊರೆದು ಸೆಕೆಂಡ್ಸ್ ಅಂತ ಬೇರೆ ಮಾಡುತ್ತಿದ್ದರು. ಸೆಕೆಂಡ್ಸ್ ಕೊಳ್ಳುವುದು ತಪ್ಪೇನಲ್ಲ. ಎಷ್ಟೋ ಸಲ ಏನು ದೋಷ ಅಂತ ಹುಡುಕಿದರೂ ಸಿಗುವುದಿಲ್ಲ. ಆದರೆ ಅದಕ್ಕೆ ಸೆಕೆಂಡ್ಸ್ ರೇಟೇ ಇರಬೇಕು.

ಅಂಗಡಿ ಮಾಲೀಕನಿಗೆ ಫೋನ್ ಮಾಡಿದೆ. ಅವನ ಉತ್ತರ ಕೇಳಿ ನಗು ಬಂತು. "ಅದು ರೋಮನ್ ಹತ್ತು, 1910ರ ಮಾಲು" ಅಂದ! ಇಂಥ ಉತ್ತರ ಬಾಯಲ್ಲಿ ರೆಡಿ ಇಟ್ಟುಕೊಂಡಿರುತ್ತಾರೆ, ಹುಷಾರು. ವರ್ಷದ ಅಂಕಿ ಹಸಿ ಮಣ್ಣಿಗೇ ಒತ್ತಿದ್ದು, ಮುದ್ರೆಯ ಕೆಳಗೇ ಇರುತ್ತದೆ, ಅಂಚು ನುಣುಪು. ಸೆಕೆಂಡ್ಸ್ ಎಕ್ಸ್ ಸುಟ್ಟಮೇಲೆ ಕೊರೆದದ್ದು. ನನ್ನ ಹೂದಾನಿಯ ಮುದ್ರೆಯ ಕೆಳಗೆ ರೋಮನ್ ಹನ್ನೆರಡು ಆಗಲೇ ಇತ್ತು, ಅಂದರೆ 1912. ಒಂದೇ ಹೂದಾನಿ ಎರಡು ವರ್ಷ ಹುಟ್ಟುತ್ತದಾ?

ಅನುಮಾನ ಬಂದ ಮೇಲೆ ಪೂರ್ತಿ ನೋಡಿದೆ. ಹಳೆಯ ವೆಲ್ಲಮ್ ಮೇಲೆ ಕೂದಲೆಳೆಯ ಬಿರುಕಿನ ಬಲೆ ಇರುವುದು ಸಾಮಾನ್ಯ, ಅದಕ್ಕೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಇದರಲ್ಲಿ ಆ ಬಲೆ ಬಾಯಂಚಿನ ಹತ್ತಿರ ಒಂದು ಕಡೆ ತಟ್ಟನೆ ನಿಂತುಹೋಗಿತ್ತು. ಕತ್ತಲಲ್ಲಿ ಯುವಿ ಟಾರ್ಚ್ ಹಾಕಿದೆ. ಅಷ್ಟು ಜಾಗ ಮಾತ್ರ ಬೇರೆ ಬಣ್ಣಕ್ಕೆ ಹೊಳೆಯಿತು. ಒಡೆದ ಅಂಚು ತುಂಬಿ ಮೇಲೆ ಬಣ್ಣ ಬಳಿದಿದ್ದರು. ಈಗಿನ ಕೆಲವು ರಿಪೇರಿ ಟಾರ್ಚಿಗೂ ಸಿಗುವುದಿಲ್ಲ. ಅದಕ್ಕೇ ಬೆರಳು, ಭೂತಗನ್ನಡಿ ಎರಡೂ ಬೇಕು.

ರೋಸ್‌ವಿಲ್ ಎಂಬ ಇನ್ನೊಂದು ಪಾಟರಿ ಕಾರ್ಖಾನೆಯ ಮಾಲು ಕೊಳ್ಳುವವರಿಗೆ ಬೇರೆಯೇ ಕಾಟ. ಝೇನ್ಸ್‌ವಿಲ್‌ನ ಆ ಕಾರ್ಖಾನೆ 1954ರಲ್ಲೇ ಮುಚ್ಚಿತು. 1990ರ ದಶಕದ ಕೊನೆಗೆ ಚೀನಾದ ನಕಲು ಮಾರುಕಟ್ಟೆಗೆ ಬಂತು. ಮೊದಮೊದಲ ನಕಲುಗಳಲ್ಲಿ ಹೆಸರಿನ ಜೊತೆ ಯು.ಎಸ್.ಎ. ಇರಲಿಲ್ಲ, ಆಮೇಲೆ ಅದನ್ನೂ ಸೇರಿಸಿದರು. ಹಾಗಾಗಿ ಬರೀ ಅಕ್ಷರ ನಂಬಬೇಡಿ. ಹಿಡಿ ಮೊದ್ದಾಗಿದೆಯಾ, ಹೂವಿನ ಬಣ್ಣ ಗೆರೆ ದಾಟಿದೆಯಾ ನೋಡಿ.

ನನ್ನ ಬಿಲ್ಲಿನ ಕೆಳಗೆ "ಮಾರಿದ ಮಾಲು ವಾಪಸ್ ಇಲ್ಲ" ಅಂತ ಚಿಕ್ಕ ಅಕ್ಷರದಲ್ಲಿದೆ. ಆದರೂ ಡ್ಯಾಮೇಜ್ ಇಲ್ಲ ಅಂತ ಅವನು ಮೆಸೇಜ್‌ನಲ್ಲೂ ಬರೆದಿದ್ದ. ಆ ಸ್ಕ್ರೀನ್‌ಶಾಟ್, ಎಕ್ಸ್ ಗುರುತಿನ ಫೋಟೊ, ಟಾರ್ಚ್ ಬೆಳಕಿನ ಫೋಟೊ ಎಲ್ಲ ಸೇರಿಸಿ ಕಾರ್ಡ್ ಕಂಪನಿಗೆ ದೂರು ಕೊಟ್ಟಿದ್ದೇನೆ. ಅರ್ಧ ದುಡ್ಡು ಕೊಡ್ತೀನಿ ಅಂತ ಅವನು ಈಗ ರಾಗ ಎಳೆಯುತ್ತಿದ್ದಾನೆ. ನಾನು ಒಪ್ಪಿಲ್ಲ. ಚೀಟಿಯನ್ನೂ ಎಸೆದಿಲ್ಲ, ಒಂದು ಕವರಿನಲ್ಲಿ ಹಾಕಿಟ್ಟಿದ್ದೇನೆ. ಕೇಳಿದರೆ ಅದನ್ನೂ ಕಳಿಸುತ್ತೇನೆ.